ಗನ್ ಲೈಸೆನ್ಸ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ

ಮೊದಲ ಕ್ಲಾಸಿನಲ್ಲಿ ನನ್ನ ಪಕ್ಕ ಕೂತಿದ್ದಾಕೆ ಕೈಚೀಲದಿಂದ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟರು. ಅದರ ನಳಿಗೆ ನೇರ ನನ್ನ ಹೊಟ್ಟೆಯ ಕಡೆ ತಿರುಗಿತ್ತು. ಕಲಿಸುವವರು ಅದನ್ನು ನೋಡಿದರು. ‘ಖಾಲಿ ಇದೆ ಅಲ್ವಾ?’ ಅಂತ ಕೇಳಿದರು. ಆಕೆ ತಲೆಯಾಡಿಸಿದರು. ಪಾಠ ಮುಂದುವರಿಯಿತು. ನಾನು ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡು ಕೂತೆ. ಸಂಜೆ ಐದರ ಹೊತ್ತಿಗೆ ಆ ಕೋಣೆಯಲ್ಲಿದ್ದ ಇಪ್ಪತ್ತೆಂಟು ಜನರೂ ಪಾಸ್. ನಾನೂ ಪಾಸ್.

ಮನೆಗೆ ಕಾರು ಓಡಿಸುತ್ತಾ ಬರುವಾಗ ಭಯವಾಯಿತು. ನನಗೆ ಏನೂ ಬರುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಸರ್ಟಿಫಿಕೇಟ್ ಮಾತ್ರ ಬರುತ್ತದೆ ಅನ್ನುತ್ತಿತ್ತು. ಎಂಟು ತಿಂಗಳು ಬಿಟ್ಟು ಇನ್ನೊಬ್ಬರ ಹತ್ತಿರ ದುಡ್ಡು ಕೊಟ್ಟು ಅದೇ ಕ್ಲಾಸಿಗೆ ಮತ್ತೆ ಸೇರಿದೆ. ಅದೇ ರಾಜ್ಯ, ಅದೇ ಸಿಲೆಬಸ್, ಅದೇ ಪರೀಕ್ಷೆ. ಆದರೂ ಎರಡಕ್ಕೂ ಅಜಗಜಾಂತರ. ಆ ವ್ಯತ್ಯಾಸವನ್ನು ಮುಂಚೆಯೇ ಹೇಗೆ ಗುರುತಿಸಬಹುದು ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರ. ಗನ್ ಲೈಸೆನ್ಸ್ ಅಂದರೆ ಇಲ್ಲಿ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಲು ರಾಜ್ಯ ಕೊಡುವ ಲೈಸೆನ್ಸ್. ಹಾಗಾಗಿ ಉದಾಹರಣೆಗಳು ಜಾಸ್ತಿ ಇಲ್ಲಿಯವೇ. ಮನೆಯಲ್ಲಿ ಗನ್ ಇರಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಬೇಕಾದ ವಿಷಯ. ತೀರ್ಮಾನ ಆಗಿದ್ದರೆ ಮುಂದೆ ಓದಿ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಇದು ಎಲ್ಲಕ್ಕಿಂತ ಮೊದಲ ಹೆಜ್ಜೆ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಥರದ, ಅಂದರೆ ಕೆಲಸ, ಓದು, ಪ್ರವಾಸಕ್ಕೆ ಕೊಡುವ ತಾತ್ಕಾಲಿಕ ವೀಸಾದಲ್ಲಿ ಬಂದವರು ಗನ್ ಆಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಮುಖ್ಯವಾದದ್ದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ.

‘ಇಟ್ಟುಕೊಳ್ಳುವುದು’ ಅಂದರೆ ಕೊಳ್ಳುವುದು ಮಾತ್ರ ಅಲ್ಲ. ಶನಿವಾರ ಆಫೀಸಿನ ಗೆಳೆಯರ ಜೊತೆ ಗುಂಡು ಹಾರಿಸುವ ರೇಂಜಿಗೆ ಹೋಗಿ, ಬಾಡಿಗೆ ಗನ್ ಹಿಡಿದು ಹತ್ತು ಗುಂಡು ಹಾರಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ಫೋಟೋ ತೆಗೆದು ಹಾಕಿಕೊಂಡರೆ ಸಾಕ್ಷಿಯನ್ನು ನೀವೇ ಒದಗಿಸಿದ ಹಾಗೆ. ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಅರ್ಜಿಗೆ ಒಂದು ಮಧ್ಯಾಹ್ನದ ಖುಷಿ ಕಲ್ಲು ಹಾಕಬಾರದು. ಸ್ವಲ್ಪ ಅನುಮಾನ ಇದ್ದರೂ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ಗನ್ ಅಂಗಡಿಯವರ ಮಾತು ಇಲ್ಲಿ ಸಾಲದು.

ಒಳ್ಳೆಯ ಶಿಕ್ಷಕರನ್ನು ಗುರುತಿಸುವ ಮೊದಲ ಗುರುತೂ ಇಲ್ಲೇ ಇದೆ. ನನ್ನ ಎರಡನೇ ಶಿಕ್ಷಕರು ಫೋನಿನಲ್ಲಿ ಹೆಸರು ಬರೆದುಕೊಳ್ಳುವ ಮೊದಲೇ ಕೇಳಿದ್ದು ಇದನ್ನೇ: ‘ನೀವು ಪ್ರಜೆಯಾ, ಗ್ರೀನ್ ಕಾರ್ಡಾ, ವೀಸಾದಲ್ಲಿದ್ದೀರಾ?’ ಮೊದಲನೆಯವರು ಕೇಳಿದ್ದು ಕ್ರೆಡಿಟ್ ಕಾರ್ಡ್ ನಂಬರ್ ಮಾತ್ರ.

ರಾಜ್ಯ ಎಷ್ಟು ಕೇಳುತ್ತದೆ ಅಂತ ತಿಳಿದುಕೊಳ್ಳಿ

ಇಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಇಲಿನಾಯ್ ರಾಜ್ಯ 16 ಗಂಟೆ ತರಬೇತಿ ಕೇಳುತ್ತದೆ. ನ್ಯೂಯಾರ್ಕ್‌ನಲ್ಲಿ 2022ರ ಸೆಪ್ಟೆಂಬರ್‌ನಿಂದ 16 ಗಂಟೆ ಪಾಠ, ಜೊತೆಗೆ 2 ಗಂಟೆ ಗುಂಡು ಹಾರಿಸುವ ತರಬೇತಿ. ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ ಹೊಸಬರಿಗೆ ಕನಿಷ್ಠ 16 ಗಂಟೆ ಮಾಡಿದೆ. ಟೆಕ್ಸಸ್‌ನಲ್ಲಿ ಪಾಠ 4ರಿಂದ 6 ಗಂಟೆ. ಅದನ್ನು ಆನ್‌ಲೈನಿನಲ್ಲೇ ಮುಗಿಸಬಹುದು. ಗುಂಡು ಹಾರಿಸುವ ಭಾಗಕ್ಕೆ ಮಾತ್ರ ಶಿಕ್ಷಕರ ಎದುರಿಗೇ ಹೋಗಬೇಕು. ವರ್ಜೀನಿಯಾದಲ್ಲೂ ಮನೆಯಲ್ಲಿ ಕೂತು ವಿಡಿಯೋ ನೋಡಿದರೆ ನಡೆಯುತ್ತಿತ್ತು. 2021ರಿಂದ ಅದನ್ನು ನಿಲ್ಲಿಸಿದರು.

ಗಂಟೆ ಜಾಸ್ತಿ ಇದ್ದರೆ ಕಲಿಕೆ ಜಾಸ್ತಿ ಅಂದುಕೊಳ್ಳಬೇಡಿ. ಹದಿನಾರು ಗಂಟೆಯನ್ನೂ ಹಳೇ ಕತೆಗಳಲ್ಲಿ ತುಂಬಿಸಬಹುದು.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಷರತ್ತುಗಳಿಗೆ ಹೊಂದುವ 21 ದಾಟಿದವರು ಲೈಸೆನ್ಸ್ ಇಲ್ಲದೆಯೂ ಗನ್ ಜೊತೆಗಿಟ್ಟುಕೊಂಡು ಓಡಾಡಬಹುದು. ಹಾಗಾದರೆ ಲೈಸೆನ್ಸ್ ಯಾಕೆ ಅಂತ ಕೇಳಬಹುದು. ಒಂದು ಕಾರಣ ಮಕ್ಕಳ ಶಾಲೆ. ಶಾಲೆಯ ಸುತ್ತ 1000 ಅಡಿ ಒಳಗೆ ಗನ್ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ತಡೆ ಇದೆ. ಶಾಲೆ ಇರುವ ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ದಿನಾ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಇದು ಸಣ್ಣ ವಿಷಯವಲ್ಲ. ಇನ್ನೊಂದು ಕಾರಣ ಪ್ರಯಾಣ. ಕೆಲವು ರಾಜ್ಯಗಳು ಟೆಕ್ಸಸ್ ಲೈಸೆನ್ಸನ್ನು ಒಪ್ಪುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಒಪ್ಪುವುದಿಲ್ಲ. ಅಲ್ಲಿಗೆ ಹೋದರೆ ನಿಮ್ಮ ಕಾರ್ಡಿಗೆ ಬೆಲೆಯೇ ಇಲ್ಲ.

ಈಗ ಪರೀಕ್ಷೆ ಎಷ್ಟು ಸುಲಭ ಅಂತ ಹತ್ತಿರದಿಂದ ನೋಡೋಣ. ಟೆಕ್ಸಸ್‌ನಲ್ಲಿ 50 ಗುಂಡು. 3 ಗಜ ದೂರದಿಂದ 20, 7 ಗಜದಿಂದ 20, 15 ಗಜದಿಂದ 10. ಮೂರು ಗಜ ಅಂದರೆ ಒಂಬತ್ತು ಅಡಿ, ಸೋಫಾದಿಂದ ಟಿವಿಗೆ ಇರುವಷ್ಟು ದೂರ. ಗುರಿ ಬಿ-27 ಅನ್ನುವ ದೊಡ್ಡ ಕಾಗದ, ಅದರ ಮೇಲೆ ದೊಡ್ಡವರ ಮೈಯಷ್ಟೇ ಅಗಲದ ಕಪ್ಪು ಆಕೃತಿ. ನಡುವಿನ ವೃತ್ತಗಳಲ್ಲಿ ಬಿದ್ದರೆ 5 ಅಂಕ, ಅವುಗಳ ಹೊರಗೆ 7 ಅಂತ ಗುರುತಿರುವ ಏಳರ ವೃತ್ತದಲ್ಲಿ 4, ಅದರ ಹೊರಗೆ ಆಕೃತಿಯ ಮೇಲೆ ಎಲ್ಲಿ ಬಿದ್ದರೂ 3. ಒಟ್ಟು 250ಕ್ಕೆ 175 ಬಂದರೆ ಪಾಸ್. ಅಂದರೆ ನಡುವಿನ ವೃತ್ತಗಳಿಗೆ ಒಂದು ಗುಂಡೂ ಬೀಳದೆ, ಎಲ್ಲವೂ ಏಳರ ವೃತ್ತದಲ್ಲೇ ಬಿದ್ದರೂ 200 ಬರುತ್ತದೆ. ಸೊಂಟದ ಚೀಲದಿಂದ (ಹೋಲ್‌ಸ್ಟರ್) ಗನ್ ಹೊರಗೆ ತೆಗೆಯುವುದನ್ನು ಯಾರೂ ಕೇಳುವುದೇ ಇಲ್ಲ.

ನಮ್ಮೂರಲ್ಲಿ ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಿ ಡಿಎಲ್ ತಗೊಂಡ ನೆನಪಿದೆಯಲ್ವಾ? ಮಾರನೇ ದಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ಎಂಟು ಎಷ್ಟು ಉಪಯೋಗಕ್ಕೆ ಬಂತು ಅಂತ ನೆನೆಸಿಕೊಳ್ಳಿ. ರಾಜ್ಯ ಕೇಳುವುದು ಕನಿಷ್ಠ ಮಟ್ಟ. ಅದರ ಮೇಲೆ ಎಷ್ಟು ಕಲಿಸಬೇಕು ಅನ್ನುವುದು ಪೂರ್ತಿ ಶಿಕ್ಷಕರ ಮನಸ್ಸಿಗೆ ಬಿಟ್ಟದ್ದು. ಅದಕ್ಕೇ ಶಿಕ್ಷಕರನ್ನು ಆರಿಸುವುದರಲ್ಲೇ ಎಲ್ಲ ಇದೆ.

ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ

ಆನ್‌ಲೈನಿನಲ್ಲಿ ಸ್ಟಾರ್ ನೋಡಿ ಸೇರಬೇಡಿ. ಬೇಗ ಮುಗಿಸಿ ಎಲ್ಲರನ್ನೂ ಪಾಸ್ ಮಾಡುವ ಕ್ಲಾಸಿಗೇ ಐದು ಸ್ಟಾರ್ ಜಾಸ್ತಿ ಬೀಳುತ್ತದೆ. ‘ತುಂಬಾ ಮಜಾ ಇತ್ತು, ಎರಡು ಗಂಟೆಯಲ್ಲಿ ಮುಗೀತು’ ಅಂತ ಯಾರಾದರೂ ಬರೆದಿದ್ದರೆ ಅದು ದೂರು ಅಂತಲೇ ಓದಿಕೊಳ್ಳಿ. ಟೆಕ್ಸಸ್‌ನಲ್ಲಿ ನಾಲ್ಕು ಗಂಟೆಗಿಂತ ಕಡಿಮೆ ಪಾಠಕ್ಕೆ ಸಹಿ ಹಾಕಿದರೆ ಅದು ಸುಳ್ಳು ಸಹಿ.

ಫೋನಿನಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದು: ‘ನೀವು ವಿದ್ಯಾರ್ಥಿಯಾಗಿ ಕೂತ ಕೊನೆಯ ಕ್ಲಾಸ್ ಯಾವುದು, ಯಾವಾಗ?’ ಉಳಿದ ಎಲ್ಲ ಪ್ರಶ್ನೆಗಿಂತ ಇದೊಂದೇ ಹೆಚ್ಚು ಹೇಳುತ್ತದೆ. ಕಲಿಯುತ್ತಿರುವವರು ಉತ್ಸಾಹದಿಂದ ಹೇಳುತ್ತಾರೆ. ಟಾಮ್ ಗಿವನ್ಸ್ ಅವರ ರೇಂಜ್‌ಮಾಸ್ಟರ್ ಶಿಕ್ಷಕರ ತರಬೇತಿ, ಮಸಾದ್ ಅಯೂಬ್ ಅವರ 40 ಗಂಟೆಯ ಮ್ಯಾಗ್-40 ಕೋರ್ಸ್, ಜೆಫ್ ಕೂಪರ್ 1976ರಲ್ಲಿ ಅರಿಝೋನಾದಲ್ಲಿ ಶುರು ಮಾಡಿದ ಗನ್‌ಸೈಟ್ ಶಾಲೆ, ಇಂಥ ಹೆಸರು ಬಂದರೆ ಅವರು ತಮ್ಮ ಸ್ವಂತ ದುಡ್ಡು, ರಜೆ ಎರಡನ್ನೂ ಖರ್ಚು ಮಾಡಿ ಕಲಿತಿದ್ದಾರೆ ಅಂತ ಅರ್ಥ. ‘ನನಗೆ ಮೂವತ್ತು ವರ್ಷ ಅನುಭವ, ಇನ್ನೇನು ಕಲಿಯಲಿ’ ಅಂದರೆ ನಮಸ್ಕಾರ ಹೇಳಿ ಫೋನ್ ಇಡಿ.

ಗೋಡೆ ಮೇಲಿನ ಸರ್ಟಿಫಿಕೇಟುಗಳ ಬಗ್ಗೆಯೂ ಒಂದು ಮಾತು. ಟೆಕ್ಸಸ್‌ನಲ್ಲಿ ಶಿಕ್ಷಕರಿಗೆ ರಾಜ್ಯದ ಡಿಪಿಎಸ್ (ಸಾರ್ವಜನಿಕ ಸುರಕ್ಷತೆ) ಇಲಾಖೆಯ ಮಾನ್ಯತೆ ಬೇಕೇ ಬೇಕು. 1871ರಲ್ಲಿ ಶುರುವಾದ ಎನ್‌ಆರ್‌ಎ, ಆಮೇಲೆ ಬಂದ ಯುಎಸ್‌ಸಿಸಿಎ ಅನ್ನುವ ಗನ್ ಇಟ್ಟುಕೊಂಡವರ ಸಂಘಟನೆಗಳು ಕೂಡ ಶಿಕ್ಷಕರಿಗೆ ಸರ್ಟಿಫಿಕೇಟ್ ಕೊಡುತ್ತವೆ. ಅವು ಇರಬೇಕು, ಆದರೆ ಅವಿದ್ದ ಮಾತ್ರಕ್ಕೆ ಸಾಲದು.

‘ನಾನು ಪೊಲೀಸ್ ಆಗಿದ್ದೆ, ಸೈನ್ಯದಲ್ಲಿದ್ದೆ’ ಅನ್ನುವುದಕ್ಕೂ ಇದೇ ಮಾತು. ಅವರ ಸೇವೆಗೆ ಗೌರವ ಇರಲಿ. ಆದರೆ ಪೊಲೀಸರ ಕೆಲಸ ಕಳ್ಳನನ್ನು ಹಿಡಿಯುವುದು, ನಮ್ಮ ಕೆಲಸ ಮನೆಗೆ ಸುರಕ್ಷಿತವಾಗಿ ವಾಪಸ್ ಬರುವುದು. ಎರಡೂ ಬೇರೆ ಪಾಠ. 2004ರಲ್ಲಿ ಫ್ಲಾರಿಡಾದಲ್ಲಿ ಮಾದಕವಸ್ತು ತಡೆ ಇಲಾಖೆಯ ಏಜೆಂಟ್ ಒಬ್ಬರು ಮಕ್ಕಳ ಮುಂದೆ ಗನ್ ಸುರಕ್ಷತೆ ಬಗ್ಗೆ ಮಾತಾಡುತ್ತಿದ್ದರು. ಈ ಕೋಣೆಯಲ್ಲಿ ಗನ್ ಹಿಡಿಯುವಷ್ಟು ಪಳಗಿದವನು ನಾನೊಬ್ಬನೇ ಅನ್ನುವ ಅರ್ಥದ ಮಾತು ಹೇಳಿದರು. ಮರುಕ್ಷಣ ತಮ್ಮ ಕಾಲಿಗೇ ಗುಂಡು ಹಾರಿಸಿಕೊಂಡರು. ಬ್ಯಾಡ್ಜ್ ಇದ್ದವರ ಬೆರಳೂ ಟ್ರಿಗರ್ ಮೇಲೆ ಹೋಗುತ್ತದೆ.

ಫೋನಿನಲ್ಲೇ ಇನ್ನೂ ನಾಲ್ಕು ವಿಷಯ ಕೇಳಿ. ರೇಂಜಿನಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಹೊಸಬರಾದರೆ ನಾಲ್ಕು ಜನ ನನ್ನ ಪ್ರಕಾರ ಸರಿ, ಹತ್ತು ಅಂದರೆ ಬೇಡ. ನಾನು ಫೇಲಾದರೆ ಏನು ಮಾಡುತ್ತೀರಿ? ಯಾರೂ ಫೇಲಾಗುವುದಿಲ್ಲ ಅನ್ನುವುದು ಕೆಟ್ಟ ಉತ್ತರ, ಇನ್ನೊಂದು ದಿನ ಬನ್ನಿ, ಕೂತು ಸರಿ ಮಾಡೋಣ ಅನ್ನುವುದು ಒಳ್ಳೆಯದು. ರೇಂಜಿನಲ್ಲಿ ರಕ್ತ ನಿಲ್ಲಿಸುವ ಪಟ್ಟಿ ಇದೆಯಾ, ಅದನ್ನು ಕಟ್ಟಲು ನಿಮಗೆ ಬರುತ್ತಾ? ನಿಮಗೆ ಇನ್ಶೂರೆನ್ಸ್ ಇದೆಯಾ? ಇದನ್ನೆಲ್ಲ ಕೇಳಿದಾಗ ಸಿಡಿಮಿಡಿ ಮಾಡುವವರು ರೇಂಜಿನಲ್ಲೂ ನಿಮ್ಮ ಪ್ರಶ್ನೆಗೆ ಸಿಡಿಮಿಡಿಯೇ ಮಾಡುತ್ತಾರೆ.

ಕಾನೂನಿನ ಪಾಠ ಹೇಗಿರಬೇಕು

ನನ್ನ ಮೊದಲ ಶಿಕ್ಷಕರು ನಗುತ್ತಾ ಹೇಳಿದ ಮಾತು ಇದು: ‘ಕಳ್ಳ ವರಾಂಡದಲ್ಲಿ ಬಿದ್ದರೆ ಒಳಕ್ಕೆ ಎಳೆದು ಹಾಕಿ, ಆಮೇಲೆ ಪೊಲೀಸರಿಗೆ ಫೋನ್ ಮಾಡಿ.’ ಕ್ಲಾಸಿನಲ್ಲಿ ಅರ್ಧ ಜನ ನಕ್ಕರು. ಇಬ್ಬರು ಬರೆದುಕೊಂಡರು. ಅವರು ಬರೆದುಕೊಂಡದ್ದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸಾಕ್ಷಿ ತಿರುಚುವುದು ಟೆಕ್ಸಸ್‌ನಲ್ಲಿ ದೊಡ್ಡ ಅಪರಾಧ. ನಿಜವಾಗಿ ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದವರು ಕೂಡ ಈ ಸಲಹೆ ಕೇಳಿದರೆ ಜೈಲಿಗೆ ಹೋಗಬಹುದು. ಬಾಯಿಗೆ ಬಂದ ಹಾಗೆ ಹೇಳುವವರಿಗೆ ಏನೂ ಆಗುವುದಿಲ್ಲ. ಅನುಭವಿಸುವವರು ಕೇಳಿಸಿಕೊಂಡವರು.

ಎರಡನೆಯವರು ಮಾಡಿದ್ದು ಬೇರೆ. ಟೆಕ್ಸಸ್ ದಂಡ ಸಂಹಿತೆಯ ಒಂಬತ್ತನೇ ಅಧ್ಯಾಯದ ಪ್ರತಿ ನಮ್ಮೆಲ್ಲರ ಕೈಗೂ ಕೊಟ್ಟರು. ಒಬ್ಬೊಬ್ಬರಿಂದ ಒಂದೊಂದು ಸಾಲು ಓದಿಸಿದರು. ‘ಮತ್ತು’ ಎಲ್ಲಿದೆ, ‘ಅಥವಾ’ ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಸಿದರು. ಪ್ರಾಣಾಂತಕ ಬಲ ‘ಆ ಕ್ಷಣಕ್ಕೆ ಅಗತ್ಯ’ ಅಂತ ತಿಳಿವಳಿಕೆ ಇರುವ ಯಾರಿಗಾದರೂ ಅನಿಸುವಂತಿರಬೇಕು ಅನ್ನುವ ಮಾತು ಅಲ್ಲಿ ಬರುತ್ತದೆ. ಆ ‘ಆ ಕ್ಷಣಕ್ಕೆ’ ಒಂದರ ಮೇಲೇ ಇಪ್ಪತ್ತು ನಿಮಿಷ ಮಾತಾಡಿದೆವು. ಹೊಡೆದವನು ತಿರುಗಿ ಓಡುತ್ತಿದ್ದರೆ? ಬಾಗಿಲು ಬಡಿಯುತ್ತಿರುವವನು ಕುಡಿದು ಮನೆ ತಪ್ಪಿ ಬಂದ ಪಕ್ಕದ ಮನೆಯವನಾಗಿದ್ದರೆ? ಅವರು ಉತ್ತರ ಕೊಡಲು ಆತುರ ಪಡಲಿಲ್ಲ. ‘ಇದನ್ನು ವಕೀಲರಿಗೆ ಕೇಳಿ’ ಅಂತ ಮೂರು ಸಲ ಹೇಳಿದರು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರ ಹತ್ತಿರವೇ ಕಲಿಯಿರಿ.

ಜಗಳ ಬಿಡಿಸಿಕೊಂಡು ಬರುವುದೂ ಟೆಕ್ಸಸ್ ಸಿಲೆಬಸ್ಸಿನಲ್ಲಿ ಕಡ್ಡಾಯ. ಎಷ್ಟೋ ಕಡೆ ಇದನ್ನು ಕಾಟಾಚಾರಕ್ಕೆ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಕ್ಲಾಸಿನ ಜೀವ ಇದೇ. ನಮ್ಮನ್ನು ಜೋಡಿಯಾಗಿ ನಿಲ್ಲಿಸಿ, ಪಾರ್ಕಿಂಗ್ ಜಾಗಕ್ಕೆ ಬೈದಾಡುವ ಹಾಗೆ ಆಡಿಸಿದರು. ಒಬ್ಬರು ಕೂಗಾಡಬೇಕು. ಇನ್ನೊಬ್ಬರು ಎರಡು ಹೆಜ್ಜೆ ಹಿಂದೆ ಸರಿದು, ಕೈ ತೆರೆದು ತೋರಿಸಿ, ‘ಸಾರಿ, ತಪ್ಪು ನನ್ನದೇ, ನೀವೇ ನಿಲ್ಲಿಸಿಕೊಳ್ಳಿ’ ಅನ್ನಬೇಕು. ಕೇಳಲು ಸುಲಭ. ತಪ್ಪು ನಮ್ಮದಲ್ಲದಾಗ ಆ ಮಾತು ಗಂಟಲಿನಿಂದ ಹೊರಗೆ ಬರುವುದೇ ಇಲ್ಲ. ನನಗೆ ನಾಲ್ಕನೇ ಸಲಕ್ಕೆ ಬಂತು. ಸೊಂಟದಲ್ಲಿ ಗನ್ ಇದ್ದವರು ಎಲ್ಲ ಜಗಳದಲ್ಲೂ ಸೋತು ಬರಬೇಕು ಅಂತ ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ.

ಪೊಲೀಸರು ಕಾರು ನಿಲ್ಲಿಸಿದಾಗ ಏನು ಮಾಡಬೇಕು ಅನ್ನುವುದನ್ನೂ ಆಡಿಸಿ ತೋರಿಸಬೇಕು. ಗನ್ ಜೊತೆಗಿದ್ದಾಗ ಅಧಿಕಾರಿ ಗುರುತಿನ ಚೀಟಿ ಕೇಳಿದರೆ ಟೆಕ್ಸಸ್‌ನಲ್ಲಿ ಡ್ರೈವಿಂಗ್ ಲೈಸೆನ್ಸಿನ ಜೊತೆ ಗನ್ ಲೈಸೆನ್ಸನ್ನೂ ತೋರಿಸಬೇಕು. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಮೊದಲು ಬಾಯಲ್ಲಿ ಹೇಳಿ, ಅವರು ಸರಿ ಅಂದ ಮೇಲೆ ಕೈ ಚಲಿಸಿ. ಗಾಬರಿಯಲ್ಲಿ ನಮ್ಮ ಇಂಗ್ಲಿಷ್ ವೇಗವಾಗುತ್ತದೆ, ಕೈಯೂ ಜೊತೆಗೆ ಆಡುತ್ತದೆ. ಅದಕ್ಕೇ ಅಭ್ಯಾಸ ಬೇಕು.

ಎಲ್ಲೆಲ್ಲಿ ಒಯ್ಯಬಾರದು ಅನ್ನುವ ಬೋರ್ಡುಗಳನ್ನು ಫೋಟೋ ಸಮೇತ ತೋರಿಸುತ್ತಾರಾ ನೋಡಿ. 30.06 (ಮುಚ್ಚಿಟ್ಟು ಒಯ್ಯಬೇಡಿ), 30.07 (ಕಾಣುವ ಹಾಗೆ ಒಯ್ಯಬೇಡಿ) ಅಂತ ನಂಬರ್ ಇರುವ ಬೋರ್ಡು ಒಂದು ಬಗೆ, ಬಾರುಗಳ ಕೆಂಪು ‘51%’ ಬೋರ್ಡು ಇನ್ನೊಂದು. ದೇವಸ್ಥಾನದ ವಿಷಯ ನಮ್ಮವರು ಕೇಳಿಯೇ ಕೇಳುತ್ತಾರೆ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಪೂಜಾ ಸ್ಥಳಗಳೂ ಬೇರೆ ಖಾಸಗಿ ಜಾಗಗಳ ಹಾಗೆಯೇ. ಬೇಡ ಅಂತ ಬೋರ್ಡು ಹಾಕುವ, ಬಾಯಲ್ಲಿ ಹೇಳುವ ಹಕ್ಕು ಆಡಳಿತದವರಿಗಿದೆ. ಬೋರ್ಡು ಇರಲಿ ಬಿಡಲಿ, ನಾನಂತೂ ಒಯ್ಯುವುದಿಲ್ಲ.

ರೇಂಜಿನ ದಿನ

ಬಟ್ಟೆಯಿಂದ ಶುರು ಮಾಡಿ. ಕುತ್ತಿಗೆಗೆ ಅಂಟಿ ಕೂರುವ ಟೀ ಶರ್ಟ್, ಕ್ಯಾಪ್, ಪೂರ್ತಿ ಮುಚ್ಚುವ ಶೂ. ಅಗಲ ಕುತ್ತಿಗೆಯ ಕುರ್ತಾ, ದುಪಟ್ಟಾ ಬೇಡವೇ ಬೇಡ. ಗುಂಡು ಹಾರಿದ ಮೇಲೆ ತೋಟಾದ ಖಾಲಿ ಹಿತ್ತಾಳೆ ಕೋಶ ಚಿಮ್ಮುತ್ತದೆ, ಒಲೆಯಿಂದ ಆಗಷ್ಟೇ ತೆಗೆದ ಸೌಟಿನ ಹಾಗೆ ಸುಡುತ್ತಿರುತ್ತದೆ. ಅದು ಅಂಗಿಯೊಳಗೆ ಬಿದ್ದರೆ ಯಾರೇ ಆದರೂ ಕುಣಿಯುತ್ತಾರೆ, ಕೈಯಲ್ಲಿ ಗನ್ ಇದೆ ಅನ್ನುವುದೇ ಮರೆಯುತ್ತದೆ. ಸುಟ್ಟರೆ ಸುಡಲಿ, ನಳಿಗೆ ಮಾತ್ರ ಗುರಿಯ ಕಡೆಯೇ ಇರಲಿ ಅಂತ ಶಿಕ್ಷಕರು ಮೊದಲೇ ಹೇಳಬೇಕು. ಒಳಾಂಗಣ ರೇಂಜಾದರೆ ಕಿವಿಯೊಳಗೆ ಒಂದು, ಮೇಲೆ ಒಂದು, ಹೀಗೆ ಎರಡು ರಕ್ಷಣೆ.

ನಾಲ್ಕು ನಿಯಮಗಳನ್ನು ಅವರು ಹೇಳಿದರೆ ಸಾಲದು, ಪ್ರತಿ ಸಲ ಪಾಲಿಸುತ್ತಾರಾ ನೋಡಿ. ಎಲ್ಲ ಗನ್ನಿನಲ್ಲೂ ಗುಂಡಿದೆ ಅಂತಲೇ ತಿಳಿಯಿರಿ. ನಾಶವಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡಿ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಕೂಡದು. ಗುರಿ ಏನು, ಅದರ ಹಿಂದೆ ಏನಿದೆ ಅನ್ನುವುದು ಗೊತ್ತಿರಲಿ. ಜೆಫ್ ಕೂಪರ್ ಇವನ್ನು ಈ ರೂಪದಲ್ಲಿ ಎಲ್ಲರ ಬಾಯಿಗೆ ತಂದರು. ನನ್ನ ಕೊಡಗಿನ ಗೆಳತಿಗೆ ಇದನ್ನು ಹೇಳಿದಾಗ, ಅವರ ಅಜ್ಜ ಒಂದೇ ಒಂದು ನಿಯಮ ಇಟ್ಟಿದ್ದರು ಅಂದಳು. ಕೋವಿ ಯಾರ ಕಡೆಗಾದರೂ ತಿರುಗಿತೋ, ಕೈಗೆ ಒಂದು ಏಟು. ಅಲ್ಲಿ ಕೋವಿ ಹಿಡಿಯುವ ಹದ ವರ್ಷಗಟ್ಟಲೆ ಮನೆಯಲ್ಲೇ ಬರುತ್ತದೆ. ನಮಗೆ ಸಿಗುವುದು ಒಂದು ಶನಿವಾರ.

ಹೆಂಗಸರಿಗೆ ಒಂದು ಮಾತು. ಮೊದಲ ಕ್ಲಾಸಿನಲ್ಲಿ ನನಗೆ ‘ಲೇಡೀಸಿಗೆ ಇದೇ ಸರಿ’ ಅಂತ ಅಂಗೈಯಷ್ಟು ಸಣ್ಣ ರಿವಾಲ್ವರ್ ಕೊಟ್ಟರು. ನೋಡಲು ಮುದ್ದಾಗಿತ್ತು. ಆದರೆ ಅಷ್ಟು ಹಗುರವಾದದ್ದು ಕೈಗೆ ಜೋರಾಗಿ ಒದೆಯುತ್ತದೆ, ಟ್ರಿಗರ್ ಉದ್ದ, ಗಟ್ಟಿ. ಅದು ಪಳಗಿದವರಿಗೇ ಕಷ್ಟ. ಐದು ಗುಂಡಿಗೇ ಕೈ ನಡುಗಲು ಶುರುವಾಯಿತು. ಒಳ್ಳೆಯ ಶಿಕ್ಷಕರು ನಿಮ್ಮ ಅಂಗೈ ಅಳತೆ ನೋಡುತ್ತಾರೆ, ನಾಲ್ಕಾರು ಗನ್ ಹಿಡಿಸಿ ನೋಡುತ್ತಾರೆ, ಹೊಸಬರಿಗೆ ಸಣ್ಣ ಗುಂಡಿನ .22 ಥರದ ಮೆತ್ತನೆಯದರಿಂದ ಶುರು ಮಾಡಿಸುತ್ತಾರೆ.

ನನ್ನ ಗುಂಡುಗಳೆಲ್ಲ ಗುರಿಯ ಕೆಳಗೆ ಎಡಕ್ಕೆ ಬೀಳುತ್ತಿದ್ದವು. ಮೊದಲ ಶಿಕ್ಷಕರು ಕಾಗದ ನೋಡಿ, ‘ಪಾಸಿಗೆ ಸಾಕು’ ಅಂದರು. ಎರಡನೆಯವರು ಬೇರೆ ಉಪಾಯ ಮಾಡಿದರು. ನನ್ನ ಗನ್ನಿನ ಮ್ಯಾಗಜಿನ್ನನ್ನು (ತೋಟಾ ತುಂಬುವ ಡಬ್ಬಿ) ನನಗೆ ಕಾಣದ ಹಾಗೆ ತಾವೇ ತುಂಬಿಕೊಟ್ಟರು. ನಿಜವಾದ ತೋಟಾಗಳ ನಡುವೆ ಒಂದೆರಡು ಕೆಂಪು ಪ್ಲಾಸ್ಟಿಕ್ಕಿನ ಹುಸಿ ತೋಟಾ ಸೇರಿಸಿದ್ದರು. ಮೊದಲ ಎರಡು ಗುಂಡು ಹಾರಿದವು. ಮೂರನೆಯದಕ್ಕೆ ಟ್ರಿಗರ್ ಒತ್ತಿದೆ. ಟಿಕ್ ಅಂತ ಸದ್ದು, ಅಷ್ಟೇ. ಆದರೆ ನಳಿಗೆ ಎರಡು ಬೆರಳಿನಷ್ಟು ಕೆಳಕ್ಕೆ ಬಗ್ಗಿತ್ತು. ಗುಂಡು ಹಾರುವ ಮುಂಚೆಯೇ ನನ್ನ ಕೈ ಹೆದರಿ ಅದುಮುತ್ತಿತ್ತು. ತಪ್ಪು ನನ್ನ ಕಣ್ಣಿಗೇ ಕಂಡಿತು. ಅವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿ ಮತ್ತೆ ಮ್ಯಾಗಜಿನ್ ತುಂಬಿದರು. ಅರ್ಧ ಗಂಟೆಯಲ್ಲಿ ಟಿಕ್ ಅಂದಾಗಲೂ ನಳಿಗೆ ಅಲ್ಲಾಡದೆ ನಿಂತಿತು. ನಾನು ಕೊಟ್ಟ ದುಡ್ಡು ಆ ಅರ್ಧ ಗಂಟೆಗೇ ವಸೂಲಾಯಿತು.

ರೇಂಜಿನಿಂದ ಹೊರಗೆ ಬಂದ ಕೂಡಲೇ ತಣ್ಣೀರಿನಲ್ಲಿ ಸೋಪು ಹಚ್ಚಿ ಕೈ, ಮುಖ ತೊಳೆಯಿರಿ. ಆಮೇಲೆಯೇ ತಿಂಡಿ. ಗುಂಡಿನ ಹೊಗೆಯಲ್ಲಿ ಸೀಸ ಇರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಟ್ಟೆ ಬದಲಿಸಿಯೇ ಅವರನ್ನು ಎತ್ತಿಕೊಳ್ಳಿ. ಗರ್ಭಿಣಿಯರು ರೇಂಜನ್ನು ಆ ತಿಂಗಳುಗಳಲ್ಲಿ ಬಿಟ್ಟೇಬಿಡಿ.

ಸರಿ ಕಾಣದಿದ್ದರೆ ಎದ್ದು ಬನ್ನಿ

ಶಿಕ್ಷಕರೇ ಗನ್ನನ್ನು ಜನರ ಕಡೆ ತಿರುಗಿಸಿ ಮಾತಾಡಿದರೆ, ಪಾಠದ ಕೋಣೆಗೆ ತೋಟಾ ತರಲು ಬಿಟ್ಟರೆ, ಅಳುಕುತ್ತಿರುವವರನ್ನು ಗೇಲಿ ಮಾಡಿದರೆ, ಕೂತಲ್ಲೇ ಇರಬೇಡಿ. ದುಡ್ಡು ಹೋದರೆ ಹೋಗಲಿ. ಮೊದಲ ದಿನ ನಾನು ಕುರ್ಚಿ ಹಿಂದಕ್ಕೆ ಎಳೆಯುವ ಬದಲು ಎದ್ದು ಹೊರಗೆ ನಡೆಯಬೇಕಿತ್ತು. ಸಂಕೋಚ ಬಿಡಲಿಲ್ಲ. ಗುರುಗಳ ಮುಂದೆ ಎದುರಾಡಬಾರದು ಅಂತ ಬೆಳೆದವರು ನಾವು. ಇಲ್ಲಿ ಆ ಸಂಕೋಚ ಬೇಡ.

ಕಡಿಮೆ ಗಂಟೆಗೆ ಸಹಿ ಹಾಕಿದವರ ಮೇಲೆ, ಗುಂಡು ಹಾರಿಸದೆಯೇ ಪಾಸ್ ಮಾಡಿದವರ ಮೇಲೆ ಡಿಪಿಎಸ್ ಇಲಾಖೆಗೆ ದೂರು ಕೊಡಬಹುದು. ಮಾನ್ಯತೆ ಕೊಟ್ಟವರೇ ಅವರು. ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಟ್ಟುಕೊಳ್ಳಿ.

ಮನೆಗೆ ತಂದ ಮೇಲೆ

ಗನ್ ಎಲ್ಲಿಡಬೇಕು ಅನ್ನುವ ಪಾಠಕ್ಕೆ ಅರ್ಧ ಗಂಟೆಯಾದರೂ ಕೊಡದ ಕ್ಲಾಸನ್ನು ನಾನು ಒಳ್ಳೆಯದು ಅನ್ನುವುದಿಲ್ಲ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನವರ ಕೈಗೆ ಗುಂಡು ತುಂಬಿದ ಗನ್ ಸಿಗುವ ಹಾಗೆ ಬಿಡುವುದು ಅಪರಾಧ. ಕಾನೂನು ಹಾಗಿರಲಿ. 2014ರ ಡಿಸೆಂಬರ್ ಕೊನೆಯಲ್ಲಿ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಲ್ಲಿದ್ದ ಪಿಸ್ತೂಲಿಗೆ ಕೈ ಹಾಕಿತು. ಗುಂಡು ಹಾರಿತು, ತಾಯಿ ತೀರಿಕೊಂಡರು. ಆಕೆಯ ಹತ್ತಿರ ಲೈಸೆನ್ಸ್ ಇತ್ತು. ಮಕ್ಕಳು ಕೈಹಾಕುವ ಚೀಲದಲ್ಲಿ ಗನ್ ಬೇಡ. ಗನ್ ಮೈಮೇಲೆ ಇರಬೇಕು, ಇಲ್ಲವೇ ಬೀಗದೊಳಗೆ. ಮೂರನೇ ಜಾಗ ಇಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ಅವರು ಬಂದಿರುವುದು ಬಿ-2 ವೀಸಾದಲ್ಲಿ, ಗನ್ ಮುಟ್ಟುವ ಹಾಗಿಲ್ಲ. ಅಮ್ಮ ಸುಮ್ನೆ ಕೂರುವವರಲ್ಲ, ಬೀರು ಬಾಗಿಲು ತೆಗೆದು ಎಲ್ಲ ಜೋಡಿಸಿಡುತ್ತಾರೆ. ಯುಗಾದಿಗೆ ಇಪ್ಪತ್ತು ಮಕ್ಕಳು ಮೇಲಿನ ಕೋಣೆಗಳಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾರೆ. ಹಾಸಿಗೆ ಕೆಳಗೆ, ಸೀರೆಗಳ ಹಿಂದೆ ಬಚ್ಚಿಟ್ಟದ್ದು ಮಕ್ಕಳಿಗೆ ಸಿಕ್ಕೇ ಸಿಗುತ್ತದೆ. ಬಚ್ಚಿಡುವುದು ಬೇರೆ, ಬೀಗ ಹಾಕುವುದು ಬೇರೆ. ಆಯುಧ ಪೂಜೆಗೆ ಕಾರಿನ ಕೀ, ಲ್ಯಾಪ್‌ಟಾಪಿನ ಜೊತೆ ಗನ್ನಿಗೂ ಕುಂಕುಮ ಇಡುವವರಿದ್ದಾರೆ. ಇಡಿ, ಬೇಡ ಅನ್ನುವುದಿಲ್ಲ. ಆದರೆ ಮ್ಯಾಗಜಿನ್ ತೆಗೆದು, ಗನ್ನಿನೊಳಗೆ ಗುಂಡು ಕೂರುವ ಜಾಗದಲ್ಲಿ (ಚೇಂಬರ್) ತೋಟಾ ಉಳಿದಿಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಟ್ಟು ಆಮೇಲೆ ಇಡಿ. ಮಂಗಳಾರತಿ ಮುಗಿದ ಕೂಡಲೇ ಮತ್ತೆ ಒಳಗೆ.

ಲೈಸೆನ್ಸ್ ಬಂದ ಮೇಲೆ ಮೂರು ತಿಂಗಳೊಳಗೆ ಇನ್ನೊಂದು ಕ್ಲಾಸಿಗೆ ಸೇರಿ. ಸೊಂಟದ ಚೀಲದಿಂದ ತೆಗೆಯುವುದನ್ನು ಅದರಲ್ಲಿ ಕಲಿಸಬೇಕು, ಖಾಲಿ ಗನ್ನಿನಲ್ಲಿ ಮೊದಲು, ಗಂಟೆಗಟ್ಟಲೆ. ರಕ್ತ ನಿಲ್ಲಿಸುವ ತರಬೇತಿ ‘ಸ್ಟಾಪ್ ದ ಬ್ಲೀಡ್’ ಹೆಸರಿನಲ್ಲಿ 2015ರಿಂದ ನಡೆಯುತ್ತಿದೆ, ಎಷ್ಟೋ ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿ ಹೇಳಿಕೊಡುತ್ತಾರೆ. ಅದಕ್ಕೆ ವೀಸಾದ ತಡೆಯೂ ಇಲ್ಲ, ಮನೆಮಂದಿಯೆಲ್ಲ ಹೋಗಬಹುದು.

ಕೊನೆಗೆ ಬ್ಯಾಗಿನ ವಿಷಯ. ರೇಂಜಿಗೆ ಒಯ್ಯುವ ಬ್ಯಾಗನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಒಂದು ತೋಟಾ ಮೂಲೆಯ ಜೇಬಿನಲ್ಲಿ ಉಳಿದರೆ ಸಾಕು. ಅದೇ ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ಊರಿಗೆ ಹೋದರೆ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನಿಂಗಿನಲ್ಲಿ ಅದು ಕಾಣುತ್ತದೆ. ಭಾರತದಲ್ಲಿ ಲೈಸೆನ್ಸ್ ಇಲ್ಲದ ಒಂದೇ ಒಂದು ತೋಟಾಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಆಗಬಹುದು, ಟೆಕ್ಸಸ್ ಕಾರ್ಡು ಅಲ್ಲಿ ನಡೆಯುವುದಿಲ್ಲ. ನನ್ನ ರೇಂಜ್ ಬ್ಯಾಗ್ ಕೆಂಪು ಬಣ್ಣದ್ದು. ಗ್ಯಾರೇಜಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸಿನ ಪ್ರತಿ ಜೇಬಿಗೂ ಕೈ ಹಾಕಿ ನೋಡುತ್ತೇನೆ, ಕೋಟಿನ ಜೇಬುಗಳಿಗೂ.